ಕಾಲೇಜು ಮುಚ್ಚುತ್ತಿದೆ ಎಂದು ತಿಳಿದಾಗ ಮನೆಯವರು ಮೊದಲು ಏನು ಮಾಡಬೇಕು?

ಹೊಸ ಕಾಲೇಜು ಹುಡುಕುವುದಕ್ಕಿಂತ ಮೊದಲು ದಾಖಲೆಗಳನ್ನು ಪಡೆದುಕೊಳ್ಳಿ: ಮೊಹರಿರುವ ಅಂಕಪಟ್ಟಿಗಳು, ಶುಲ್ಕದ ರಸೀದಿಗಳು, ಮುಖ್ಯವಾಗಿ ಪ್ರತಿ ವಿಷಯದ ವಿವರವಾದ ಪಠ್ಯಕ್ರಮ. ಈ ಕೊನೆಯದನ್ನೇ ಮರೆತು ಮಕ್ಕಳು ವರ್ಷ ಕಳೆದುಕೊಳ್ಳುವುದು ನಿಜಕ್ಕೂ ನೋವಿನ ಸಂಗತಿ. ಏಕೆಂದರೆ ಕ್ರೆಡಿಟ್‌ಗಳನ್ನು, ಅಂದರೆ ತೇರ್ಗಡೆಯಾದ ವಿಷಯಗಳ ಲೆಕ್ಕವನ್ನು, ಒಪ್ಪುವುದು ಬಿಡುವುದು ಸೇರಿಸಿಕೊಳ್ಳುವ ಕಾಲೇಜಿನ ತೀರ್ಮಾನ. ಅದು ಎರಡೂ ಕಡೆಯ ಪಠ್ಯಕ್ರಮವನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ. ಕಾಗದವಿಲ್ಲದಿದ್ದರೆ ಓದಿದ್ದನ್ನೇ ಮತ್ತೆ ಓದಬೇಕಾಗಬಹುದು. ಸಿಬ್ಬಂದಿ ಒಬ್ಬೊಬ್ಬರಾಗಿ ಕೆಲಸ ಬಿಟ್ಟ ಮೇಲೆ ಅದನ್ನು ಹುಡುಕಿಕೊಡುವವರು ಸಿಗುವುದು ಕಷ್ಟ.

ಉಳಿದ ಓದನ್ನು ಮುಗಿಸಿಕೊಡಲು ಬೇರೆ ಕಾಲೇಜಿನೊಂದಿಗೆ ಒಪ್ಪಂದವಾಗಿದೆಯೇ ಎಂದೂ ಕೇಳಿ. ಇದ್ದರೆ ಸಾಮಾನ್ಯವಾಗಿ ಅದೇ ಕಡಿಮೆ ನಷ್ಟದ ದಾರಿ. ಇಲ್ಲದಿದ್ದರೆ, ಎಷ್ಟು ಕ್ರೆಡಿಟ್ ಒಪ್ಪುತ್ತೇವೆ ಎಂದು ಹೊಸ ಕಾಲೇಜು ಬರೆದುಕೊಡುವವರೆಗೆ ಶುಲ್ಕ ಕಟ್ಟಬೇಡಿ.