ಟೆರೇಸ್ ಮೇಲೆ ರೂಮು, ಬಾಲ್ಕನಿಗೆ ಗೋಡೆ

ಸರ್, ಬೆಂಗಳೂರಿನ ನಿಮ್ಮ 30-40 ಸೈಟಿನ ಮನೆಯ ಟೆರೇಸ್ ಮೇಲೊಂದು ರೂಮು ಎಬ್ಬಿಸಿ, ಮುಂದಿನ ಬಾಲ್ಕನಿ ಮುಚ್ಚೋಕೆ ಪರ್ಮಿಷನ್ ಬೇಕಾ ಅಂತ ಕೇಳಿದ್ದೀರಿ. ಬೇಕು. ‘ಚಿಕ್ಕ ಕೆಲಸ, ಯಾರೂ ಕೇಳಲ್ಲ’ ಅಂದ ಮೇಸ್ತ್ರಿ ಮಾತು ಬಿಡಿ, ನೋಟಿಸ್ ಬರೋದು ಅವನ ಹೆಸರಿಗಲ್ಲ.

ಸುಣ್ಣ-ಬಣ್ಣ, ಪ್ಲಾಸ್ಟರಿಂಗ್, ನೆಲದ ಟೈಲ್ಸ್, ಒಳಗೊಂದು ಬಾಗಿಲು, ಇಂಥವಕ್ಕೆ 2003ರ ಬೆಂಗಳೂರು ಮಹಾನಗರ ಪಾಲಿಕೆ ಬೈಲಾದಲ್ಲಿ (ಕಟ್ಟಡ ನಿಯಮಗಳಲ್ಲಿ) ವಿನಾಯಿತಿ ಇದೆ. ಪಕ್ಕದವರ ಕಡೆ ತೆರೆಯೋ ಹೊಸ ಕಿಟಕಿಗೆ ಇಲ್ಲ. ಬಾಲ್ಕನಿಗೆ ಗೋಡೆ ಬಂತೋ, ಅದೂ ಎಫ್‌ಎಆರ್ (ಸೈಟಿನ ಅಳತೆಗೆ ಒಟ್ಟು ಎಷ್ಟು ಕಟ್ಟಬಹುದು ಅನ್ನೋ ಮಿತಿ) ಲೆಕ್ಕಕ್ಕೆ ಸೇರುತ್ತೆ.

ಮೊದಲು ಹಳೇ ಸ್ಯಾಂಕ್ಷನ್ ಪ್ಲಾನ್ (ಪಾಲಿಕೆ ಒಪ್ಪಿದ ನಕ್ಷೆ) ಹುಡುಕಿ, ಅದರಲ್ಲಿರೋಷ್ಟು ಜಾಗ ಬಿಟ್ಟಿದೆಯಾ ಅಂತ ಟೇಪ್ ಹಿಡಿದು ಗೋಡೆಯಿಂದ ಕಾಂಪೌಂಡಿಗೆ ಅಳೆಯಿರಿ. ನಮ್ಮನೇಲಿ ಪ್ಲಾನಲ್ಲಿ ಒಂದು ಮೀಟರ್ ಇತ್ತು, ನೆಲದಲ್ಲಿ ಎರಡಡಿಯೂ ಇರಲಿಲ್ಲ. ಅಪ್ಪನ ಕಾಲದ ಕೊಡುಗೆ! ಮೇಲಿನ ರೂಮಿನ ಆಸೆ ಅಲ್ಲಿಗೇ ನಿಂತಿತು. ಪಿಲ್ಲರ್ ಮೇಲೆ ತುಕ್ಕು ಹಿಡಿದ ಕಂಬಿ ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಪಾಯ ಇನ್ನೊಂದು ಮಹಡಿ ಹೊರುತ್ತೆ ಅಂತಲ್ಲ, ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ.

ಮೇಲಿನ ರೂಮಿಗೆ ಬೇರೆ ಮೀಟರ್ ಹಾಕಿಸಿ ಬಾಡಿಗೆಗೆ ಕೊಡೋ ಯೋಚನೆ ಇದ್ದರೆ ಇನ್ನೂ ಹುಷಾರು. ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅಂತ ಪಾಲಿಕೆ ಕೊಡೋ ಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಿಬಿಎಂಪಿ ಈಗ ಐದು ಪಾಲಿಕೆ ಆಗಿದೆ, ನಿಮ್ಮ ಏರಿಯಾ ಯಾವುದಕ್ಕೆ ಬರುತ್ತೆ ನೋಡಿಕೊಂಡು ಅರ್ಜಿ ಹಾಕಿ.