ದೊಡ್ಡಮ್ಮನ ಮಾತು ಐದನೇ ಪುಟದಲ್ಲಿ ಯಾಕೆ?

ಬದಿಯಡ್ಕದಿಂದ ನೀವು ಕಳಿಸಿದ ‘ಕಿವಿಗೆ ಕೇಡಿಲ್ಲದ ಆಂಟಿಬಯಾಟಿಕ್’ ಲೇಖನ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲು ಮನಸ್ಸೂ ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಪೂರ್ತಿ ‘ಮಾನವನ ಮಹಾಯುದ್ಧ’. ತೆಗೆದುಬಿಡಿ. ನಿಮ್ಮ ಲೇಖನ ನಿಜವಾಗಿ ಶುರುವಾಗುವುದು ಐದನೇ ಪುಟದಲ್ಲಿ: ‘ಟಿಬಿಗೆ ಸ್ಟ್ರೆಪ್ಟೊಮೈಸಿನ್ ಸೂಜಿ ಹಾಕಿಸಿಕೊಂಡ ಮೇಲೆ ದೊಡ್ಡಮ್ಮ ಕತ್ತಲಾದರೆ ತೋಡಿನ ಸಂಕ ದಾಟುತ್ತಿರಲಿಲ್ಲ.’ ಇಷ್ಟು ಹೇಳಿ, ‘ವಯಸ್ಸಿನ ಕಾರಣವೂ ಇರಬಹುದು’ ಅಂತ ಮುಂದೆ ಹೋಗಿದ್ದೀರಿ. ಇರಬಹುದು. ಆದರೆ ಸ್ಟ್ರೆಪ್ಟೊಮೈಸಿನ್ ಜಾಸ್ತಿ ಕೆಡಿಸುವುದು ಒಳಕಿವಿಯಲ್ಲಿ ಮೈಯ ಸಮತೋಲನ ನೋಡಿಕೊಳ್ಳುವ ಭಾಗವನ್ನು. ಹಗಲಲ್ಲಿ ಕಣ್ಣು ಹೇಗೋ ಸುಧಾರಿಸುತ್ತದೆ. ಕತ್ತಲಲ್ಲಿ ಅದೂ ಇಲ್ಲ. ಇದನ್ನು ಆ ಸಾಲಿನ ಪಕ್ಕದಲ್ಲೇ ಹೇಳಬೇಕಿತ್ತು, ಅಲ್ವಾ?

‘ಅಡ್ಡಪರಿಣಾಮ ಬೀರುತ್ತದೆ’ ಅಂದರೆ ಸಾಲದು. ಹೇಗೆ ಅಂತ ಹೇಳಿ. ಅಮೈನೊಗ್ಲೈಕೊಸೈಡ್‌ಗಳು, ಅಂದರೆ ಸ್ಟ್ರೆಪ್ಟೊಮೈಸಿನ್ ಗುಂಪಿನ ಆಂಟಿಬಯಾಟಿಕ್‌ಗಳು, ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ಕಟ್ಟುವ ರೈಬೋಸೋಮಿಗೆ ಅಂಟಿಕೊಂಡು ಅದು ತಪ್ಪು ತಪ್ಪು ಪ್ರೋಟೀನ್ ಕಟ್ಟುವಂತೆ ಮಾಡುತ್ತವೆ. ಅದೇ ಔಷಧ, ಸದ್ದನ್ನೂ ಮೈಯ ಸಮತೋಲನವನ್ನೂ ಗ್ರಹಿಸುವ ಒಳಕಿವಿಯ ರೋಮಕೋಶಗಳ ತುದಿಯಲ್ಲಿ, ಸದ್ದು ಬಂದಾಗ ತೆರೆದುಕೊಳ್ಳುವ ಸಣ್ಣ ಚಾನೆಲ್‌ಗಳಲ್ಲಿ ಒಳನುಗ್ಗುತ್ತದೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಇಷ್ಟು ತಿಳಿದರೆ ನೀವು ಬರೆದ ಔಷಧದ ಹಿಂದಿರುವ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಉಪಾಯ ತಾನಾಗಿ ಹೊಳೆಯುತ್ತದೆ: ಇದೇ ಗುಂಪಿನ ಸಿಸೊಮೈಸಿನ್ ಅಣುವನ್ನು ಆ ಚಾನೆಲ್‌ನಲ್ಲಿ ಸುಲಭವಾಗಿ ತೂರದ ಹಾಗೆ ತಿದ್ದಬೇಕು, ರೈಬೋಸೋಮಿಗೆ ಅಂಟುವ ಕಡೆಯನ್ನು ಮಾತ್ರ ಕೆಡಿಸಬಾರದು.

‘ಕೊನೆಗೂ ಔಷಧ ಸಿಕ್ಕಿತು’ ಅಂದಿದ್ದೀರಿ. ಎಲ್ಲಿ ಸಿಕ್ಕಿತು? 2015ರಲ್ಲಿ ಅವರು ಪ್ರಕಟಿಸಿದ್ದು ಇಲಿಗಳ ಮೇಲಿನ ಕೆಲಸ. ಇಲಿಗಳ ಮೂತ್ರದ ಸೋಂಕು ವಾಸಿಯಾಯಿತು, ಕಿವಿ ಉಳಿಯಿತು. ಆದರೆ ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಮೇಲೆ ಔಷಧದ ಜೋರು ಕಡಿಮೆಯಾಯಿತು. ಈ ಕೆಲಸದ ತಲೆಬಿಸಿಯೇ ಅದು. ನೀವು ಅದನ್ನೇ ಹಾರಿಸಿದ್ದೀರಿ.

ಇದೇ ಗುಂಪಿನ ಪ್ಲಾಜೊಮೈಸಿನ್ ಹೆಸರೂ ಇಲ್ಲ. ಔಷಧವನ್ನು ನಿಷ್ಕ್ರಿಯ ಮಾಡುವ ಬ್ಯಾಕ್ಟೀರಿಯಾದ ಎಂಜೈಮ್‌ಗಳಲ್ಲಿ ಹೆಚ್ಚಿನವಕ್ಕೆ ಬಗ್ಗದಂತೆ ರೂಪಿಸಿದ ಔಷಧ ಅದು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಅದನ್ನು ತಯಾರಿಸಿದ ಕಂಪನಿ ದಿವಾಳಿಯಾಯಿತು. ಯಾಕೆ ಅಂತ ಹುಡುಕಿ ಒಂದು ಪ್ಯಾರಾ ಬರೆಯಿರಿ. ಇನ್ನೊಂದು: 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದ್ದು, ಅದಕ್ಕೆ ನೊಬೆಲ್ ಪಡೆದ ವಿಜ್ಞಾನಿ ವ್ಯಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್. ಶಾಟ್ಸ್‌ಗೆ ನೊಬೆಲ್ ಸಿಗಲಿಲ್ಲ ಅಂತ ನೀವೂ ಕೈಬಿಡಬೇಡಿ.

ಕೊನೆಗೆ, ಇದೇ ಗುಂಪಿನ ‘ಜೆಂಟಾಮೈಸಿನ್ ಬೇಡವೆನ್ನಿ’ ಎಂಬ ಕರೆ. ಇದನ್ನು ಖಂಡಿತ ಹಾಕುವುದಿಲ್ಲ. ಹಸುಗೂಸಿನ ರಕ್ತಕ್ಕೆ ಸೋಂಕು ತಗಲಿದರೆ ಇವತ್ತಿಗೂ ಡಾಕ್ಟರು ನೆಚ್ಚುವ ಔಷಧ ಅದು. ಕುಂಬಳೆಯಲ್ಲೋ ಮುಳ್ಳೇರಿಯದಲ್ಲೋ ಯಾರಾದರೂ ನಿಮ್ಮ ಮಾತು ನಂಬಿ ಮಂಗಳೂರಿನ ಆಸ್ಪತ್ರೆಯಲ್ಲಿ ಬೇಡ ಅಂದುಬಿಟ್ಟರೆ? ಬದಲಿಗೆ, ತಾಯಿಯ ಕಡೆ ಯಾರಿಗಾದರೂ ಇಂಥ ಸೂಜಿಯಿಂದ ಕಿವಿ ಹೋಗಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ ಅನ್ನಿ. ತಾಯಿಯಿಂದ ಮಕ್ಕಳಿಗೆ ಬರುವ ಒಂದು ಮೈಟೊಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ದೋಷ ಇದ್ದವರಿಗೆ ಮಾಮೂಲು ಡೋಸೇ ಕಿವುಡು ತರಬಹುದು.

ಮೂರು ಪುಟಕ್ಕೆ ಇಳಿಸಿ ಕಳಿಸಿ. ಕೈಬರಹದ ಫೋಟೊ ಬೇಡ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ.