ಕಲಬುರಗಿ ಸುತ್ತ ಗಾಳ ಹಾಕಿ ಮೀಸೆ ಮೀನು ಹಿಡಿಯೋದು ಹೇಗೆ?

ನೀವು ಕೇಳಿದ್ದು ಇದು: ಕೆಲಸದ ಮೇಲೆ ಕಲಬುರಗಿಗೆ ಬಂದಿದ್ದೀರಿ, ರೀಲ್ ಇರುವ ಒಳ್ಳೆ ರಾಡ್ ತಗೊಂಡಿದ್ದೀರಿ, ಮಿಂಚುವ ಪ್ಲಾಸ್ಟಿಕ್ ಮೀನುಗಳನ್ನೂ ತರಿಸಿದ್ದೀರಿ, ಭೀಮಾ ದಂಡೆಯಲ್ಲಿ ಮಧ್ಯಾಹ್ನವೆಲ್ಲ ಎಸೆದರೂ ಕ್ಯಾಟ್‌ಫಿಶ್, ಅಂದರೆ ನಮ್ಮ ಮೀಸೆ ಮೀನು, ಒಂದೂ ಬೀಳಲಿಲ್ಲ. ಈ ಕಡೆ ಆ ಮೀನು ಇದೆಯೋ ಇಲ್ಲವೋ ಅಂತ ಅನುಮಾನ.

ಇದೆ ರೀ, ಬೇಕಾದಷ್ಟಿದೆ. ನೀವು ಹೋದ ಹೊತ್ತು ಸರಿಯಿಲ್ಲ, ಹಾಕಿದ ಮೇವೂ ಸರಿಯಿಲ್ಲ, ಅಷ್ಟೇ.

ಮೀಸೆ ಮೀನು ಕಣ್ಣು ನಂಬಿ ಬದುಕುವುದಲ್ಲ. ನಮ್ಮ ಎರಿ ಮಣ್ಣಿನ ನೀರಲ್ಲಿ ಮಳೆಗಾಲದಲ್ಲಿ ಒಂದು ಗೇಣು ಕೆಳಗೆ ಏನೂ ಕಾಣುವುದಿಲ್ಲ, ಅದಕ್ಕೆ ಅದರಿಂದ ತೊಂದರೆಯೂ ಇಲ್ಲ. ಅದರ ಮೀಸೆಯ ಮೇಲೆ, ಮೈ ಚರ್ಮದ ಮೇಲೆ ಕೂಡ ರುಚಿ ತಿಳಿಯುವ ಮೊಗ್ಗುಗಳಿವೆ, ವಾಸನೆಯೂ ಚೆನ್ನಾಗಿ ತಿಳಿಯುತ್ತದೆ. ತಳದಲ್ಲಿ ಮೀಸೆ ಆಡಿಸುತ್ತಾ ಹುಡುಕಿಕೊಂಡು ಬರುತ್ತದೆ. ಹಾಗಾಗಿ ಮಿಂಚುವುದಕ್ಕಿಂತ ನಾರುವುದು ಬೇಕು, ಅದೂ ತಳದಲ್ಲಿ, ಅಲುಗಾಡದೆ, ಕತ್ತಲಾದ ಮೇಲೆ. ಉಳಿದದ್ದೆಲ್ಲ ಇದರ ಹಿಂದಿನ ಮಾತು.

ಮೊದಲು ಯಾವ ಮೀನು ಅಂತ ಗುರುತು ಮಾಡಿಕೊಳ್ಳಿ, ಯಾಕಂದರೆ ಎಲ್ಲಕ್ಕೂ ಒಂದೇ ಉಪಾಯ ನಡೆಯುವುದಿಲ್ಲ. ಮುರುಗೋಡು ಅಂದರೆ ಕೆಸರಿನ ಮೀನು, ಕೆರೆ, ಹೊಂಡ, ಹಳ್ಳ, ನೀರು ನಿಂತ ಜಾಗದಲ್ಲಿ ಸಿಗುತ್ತದೆ. ಕಿವಿರಿನ ಜೊತೆಗೆ ಗಾಳಿ ಉಸಿರಾಡುವ ಅಂಗವೂ ಅದಕ್ಕಿದೆ, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತಗೊಂಡು ಇಳಿಯುತ್ತದೆ. ಸಂಜೆ ನೀರಿನ ಮೇಲೆ ಅಲ್ಲಲ್ಲಿ ಬುಳಕ್ ಅಂತ ಗುಳ್ಳೆ ಎದ್ದರೆ ಅಲ್ಲೇ ಕೂತುಬಿಡಿ. ಚೇಳು ಮೀನು ಇದಕ್ಕಿಂತ ತೆಳ್ಳಗಿರುತ್ತದೆ, ಅದರ ವಿಷಯ ಕೆಳಗೆ ಬೇರೆಯಾಗಿ ಹೇಳುತ್ತೇನೆ. ದೊಡ್ಡದು ಬೇಕು ಅಂದರೆ ಬಾಳೆ ಮೀನು: ಚಪ್ಪಟೆ ಮೈ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ, ಬಾಯಿ ತುಂಬ ಸಣ್ಣ ಚೂಪು ಹಲ್ಲು. ಇದು ಬೇಟೆಗಾರ, ಬೇರೆ ಮೀನು ತಿಂದೇ ಬೆಳೆಯುತ್ತದೆ. ಭೀಮಾ, ಕೃಷ್ಣಾದ ಆಳದ ಮಡುಗಳಲ್ಲಿ ಇರುತ್ತದೆ.

ಮುರುಗೋಡಿಗೆ ಎರೆಹುಳು ಸಾಕು. ಬೇಸಿಗೆಯಲ್ಲಿ ಎರಿ ಹೊಲ ಅಗೆದರೆ ಹುಳು ಸಿಗುವುದಿಲ್ಲ, ಸುಮ್ನೆ ಸೊಂಟ ನೋವು. ಬೋರ್‌ವೆಲ್ ನೀರು ಹರಿಯುವ ಕಾಲುವೆ ಪಕ್ಕ ಅಥವಾ ಹಳೇ ತಿಪ್ಪೆ ಬುಡದಲ್ಲಿ ಅಗೆಯಿರಿ. ಒಂದೇ ಹುಳು ಹಾಕಬೇಡಿ, ನಾಲ್ಕೈದು ಪೋಣಿಸಿ ಗೊಂಚಲು ಮಾಡಿ. ಅದಕ್ಕಿಂತ ಸುಲಭ ಅಂದರೆ ಚಿಕನ್ ಅಂಗಡಿ. ಕರುಳು, ಕಲೇಜಿ ಕೇಳಿದರೆ ಬಹಳ ಕಡೆ ಪುಕ್ಕಟೆ ಕೊಡುತ್ತಾರೆ. ಕರುಳನ್ನು ಬೆಳಗ್ಗೆ ಒಂದು ಡಬ್ಬಿಗೆ ಹಾಕಿ ನೆರಳಲ್ಲಿ ಇಡಿ, ಸಂಜೆ ಹೊತ್ತಿಗೆ ಹದವಾದ ವಾಸನೆ ಬಂದಿರುತ್ತದೆ. ಡಬ್ಬಿಯನ್ನು ಗಾಡಿಯ ಡಿಕ್ಕಿಯಲ್ಲಿ ಮರೆತರೆ ಮನೆಯವರು ಏನಂತಾರೆ ಅಂತ ನನ್ನ ಕೇಳಬೇಡಿ. ಕಲೇಜಿ ಮೆತ್ತಗಿರುತ್ತದೆ, ಎಸೆದಾಗ ಕಳಚಿ ಬೀಳುತ್ತದೆ, ಹೊಲಿಗೆ ದಾರ ಸುತ್ತಿ ಬಿಗಿ ಮಾಡಿ. ಬಾಳೆ ಮೀನಿಗೆ ಮಾತ್ರ ಸಣ್ಣ ಮೀನೇ ಬೇಕು, ಇಡೀ ಮೀನಾದರೂ ಸರಿ, ಕತ್ತರಿಸಿದ ತುಂಡಾದರೂ ಸರಿ. ಗಾಳದ ಮೇಲೆ ಒಂದು ಗೇಣು ಸ್ಟೀಲ್ ತಂತಿ ಕಟ್ಟಿ, ಇಲ್ಲದಿದ್ದರೆ ಹಲ್ಲಿಗೆ ದಾರ ಹರಿಯುತ್ತದೆ.

ರಾಡ್ ನಿಮ್ಮದೇ ನಡೆಯುತ್ತದೆ. ದಾರಕ್ಕೆ ಮೊದಲು ತೂತಿರುವ ಸೀಸದ ಗುಂಡು ಪೋಣಿಸಿ, ಅದರ ಕೆಳಗೆ ಒಂದು ಮಣಿ, ಆಮೇಲೆ ಸ್ವಿವೆಲ್ (ದಾರ ತಿರುಚಿಕೊಳ್ಳದಂತೆ ತಿರುಗುವ ಸಣ್ಣ ಕೊಂಡಿ), ಅದಕ್ಕೆ ಒಂದು ಮೊಳ ದಾರ ಬಿಟ್ಟು ಗಾಳ. ಹೀಗೆ ಮಾಡಿದರೆ ಸೀಸ ತಳದಲ್ಲೇ ಕೂತಿರುತ್ತದೆ, ಮೀನು ಮೇವು ಕಚ್ಚಿ ಎಳೆದಾಗ ದಾರ ತೂತಿನೊಳಗೆ ಜಾರುತ್ತದೆ, ಮೀನಿಗೆ ಭಾರ ತಿಳಿಯುವುದಿಲ್ಲ. ಭಾರ ತಿಳಿದರೆ ಉಗುಳಿ ಹೋಗುತ್ತದೆ. ಮೊದಲು ರಾಡಿನ ತುದಿ ಟಕ್ ಟಕ್ ಅಂತ ಅಲ್ಲಾಡುತ್ತದೆ, ಆಗ ಕೈ ಹಾಕಬೇಡಿ. ಒಂದೇ ಸಮ ಎಳೆದುಕೊಂಡು ಹೋಗಲು ಶುರು ಮಾಡಿದಾಗ ಎತ್ತಿ. ತುದಿ ಒಳಕ್ಕೆ ಬಾಗಿರುವ ಸರ್ಕಲ್ ಗಾಳ ಇದ್ದರೆ ಜೋರಾಗಿ ಜಗ್ಗಲೂ ಬೇಡ, ಮೆಲ್ಲಗೆ ಸುತ್ತುತ್ತಾ ಬಿಗಿ ಮಾಡಿದರೆ ತುಟಿಯ ಮೂಲೆಗೆ ತಾನೇ ಚುಚ್ಚಿಕೊಳ್ಳುತ್ತದೆ.

ಕಾಗಿಣಾ ಹೊಳೆ ಕಡೆ ಹೋದರೆ ಒಂದು ತಕರಾರು ಇದೆ. ಸೇಡಂ, ಮಳಖೇಡ, ಶಹಾಬಾದ್ ಸುತ್ತ ಹೊಳೆಯ ತಳ ಅಂದರೆ ಹಾಸುಗಲ್ಲು, ಮನೆಗೆ ಹಾಸುತ್ತೇವಲ್ಲ ಅದೇ ಶಹಾಬಾದ್ ಕಲ್ಲು. ಕಲ್ಲಿನ ಬಿರುಕಿಗೆ ಸೀಸ ಸಿಕ್ಕಿಕೊಂಡರೆ ದಾರ ಕತ್ತರಿಸುವುದೊಂದೇ ದಾರಿ. ಅಲ್ಲಿ ಸೀಸ ಬೇಡ, ಒಂದು ಹರಳು ಕಲ್ಲನ್ನು ಹೊಲಿಗೆ ದಾರದಿಂದ ಕಟ್ಟಿ. ಸಿಕ್ಕಿಕೊಂಡಾಗ ಜಗ್ಗಿದರೆ ಹೊಲಿಗೆ ದಾರ ಹರಿಯುತ್ತದೆ, ಕಲ್ಲು ಹೋಗುತ್ತದೆ, ಗಾಳ, ಮೀನು ಎರಡೂ ಉಳಿಯುತ್ತವೆ. ಆದರೂ ಆ ಬಿರುಕುಗಳನ್ನು ಬಿಟ್ಟು ಬೇರೆ ಕಡೆ ಹಾಕಬೇಡಿ, ಹಗಲಲ್ಲಿ ಮೀಸೆ ಮೀನು ಅಡಗುವುದು ಅಲ್ಲೇ.

ಹೊತ್ತು ಅಂದರೆ ಸೂರ್ಯ ಮುಳುಗಿದ ಮೇಲೆ ಎರಡು ಮೂರು ತಾಸು. ವರ್ಷದಲ್ಲಿ ಒಳ್ಳೆ ಕಾಲ ಎರಡು. ಬೇಸಿಗೆ ಕೊನೆಗೆ ನೀರು ಇಳಿದು ಮೀನೆಲ್ಲ ಮಡುವಿಗೆ ಸೇರಿದಾಗ ಒಂದು, ಮೊದಲ ಮಳೆಗೆ ಕೆಂಪು ನೀರು ಹಳ್ಳದಿಂದ ಹೊಳೆಗೆ ಸೇರುವಾಗ ಇನ್ನೊಂದು. ಆ ಹಳ್ಳದ ಬಾಯಲ್ಲಿ ಹಾಕಿದ ಗಾಳ ಸುಮ್ಮನೆ ಕೂರುವುದಿಲ್ಲ. ಆದರೆ ಮೊಟ್ಟೆ ಇಡುವ ಕಾಲವೂ ಅದೇ, ಹೊಟ್ಟೆ ಉಬ್ಬಿದ ಹೆಣ್ಣು ಸಿಕ್ಕರೆ ನಾನಂತೂ ಬಿಡುತ್ತೇನೆ. ಬಾಳೆ ಮೀನು ಮೊದಲಿನಷ್ಟು ಈಗಿಲ್ಲ, ಅಳಿವಿನ ಅಪಾಯ ಇರುವ ಪಟ್ಟಿಯಲ್ಲೂ ಸೇರಿದೆ. ಹಾಗೇ ಬಿಡಬಾರದ್ದು ಒಂದಿದೆ: ಆಫ್ರಿಕನ್ ಕ್ಯಾಟ್‌ಫಿಶ್. ಮುರುಗೋಡಿನ ತರಾನೇ ಇರುತ್ತದೆ, ಆದರೆ ಬಹಳ ದೊಡ್ಡದಾಗುತ್ತದೆ. ನಮ್ಮ ಮುರುಗೋಡು ಒಂದೂವರೆ ಅಡಿ ದಾಟುವುದು ಅಪರೂಪ. ಆಫ್ರಿಕನ್ ಸಾಕುವುದಕ್ಕೆ ನಿಷೇಧ ಇದ್ದರೂ ಹೊಂಡಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿ ನಮ್ಮ ಮೀನುಗಳನ್ನು ತಿಂದು ಹಾಕುತ್ತದೆ. ಸಿಕ್ಕರೆ ಮತ್ತೆ ನೀರಿಗೆ ಹಾಕಬೇಡಿ.

ಈಗ ಮುಳ್ಳಿನ ವಿಷಯ. ಎರಡು ಪಕ್ಕಕ್ಕೆ ಒಂದೊಂದು ಮುಳ್ಳು ಇರುತ್ತದೆ, ಕೆಲವು ಜಾತಿಗೆ ಬೆನ್ನ ಮೇಲೂ ಒಂದು. ಹಿಡಿದಾಗ ಮುಳ್ಳು ನೆಟ್ಟಗೆ ಮಾಡಿ ಲಾಕ್ ಮಾಡಿಕೊಳ್ಳುತ್ತದೆ. ಮುರುಗೋಡು ಚುಚ್ಚಿದರೆ ಒಂದಿಷ್ಟು ಉರಿ, ಚೇಳು ಮೀನು ಚುಚ್ಚಿದರೆ ಅಳು ಬರುತ್ತದೆ, ಅದರ ಮುಳ್ಳಿನಲ್ಲಿ ವಿಷ ಇದೆ. ದಪ್ಪ ಬಟ್ಟೆ ಹಾಕಿ ತಲೆ ಒತ್ತಿ ಹಿಡಿದು ಇಕ್ಕಳದಿಂದ ಗಾಳ ಬಿಡಿಸಿ. ಚುಚ್ಚಿಯೇ ಬಿಟ್ಟರೆ ಸುಣ್ಣ ಹಚ್ಚು, ಉಳ್ಳಾಗಡ್ಡಿ ತಿಕ್ಕು ಅಂತ ದಂಡೆ ಮೇಲಿನವರೆಲ್ಲ ಡಾಕ್ಟರ್ ಆಗುತ್ತಾರೆ, ಕೇಳಬೇಡಿ. ತಡೆದುಕೊಳ್ಳುವಷ್ಟು ಬಿಸಿ ನೀರಲ್ಲಿ ಅರ್ಧ ತಾಸಿಗೂ ಮೇಲೆ ಕೈ ಇಡಿ, ಬಿಸಿಗೆ ಆ ವಿಷ ಮುರಿಯುತ್ತದೆ. ನೀರಿನ ಬಿಸಿ ಚುಚ್ಚದ ಕೈಯಿಂದ ನೋಡಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ. ಬಾವು ಏರಿದರೆ, ಮುಳ್ಳಿನ ಚೂರು ಒಳಗೆ ಉಳಿದರೆ ದವಾಖಾನೆಗೆ ಹೋಗಿ, ಟೆಟನಸ್ ಇಂಜೆಕ್ಷನ್ ಕೂಡ ತಗೊಳ್ಳಿ.

ಜಾಗ ಆರಿಸುವಾಗ ಭೀಮಾ ಮೇಲಿನ ಸೊನ್ನ, ಸನ್ನತಿ, ಗುರುಸಣಗಿ ಬ್ಯಾರೇಜ್‌ಗಳ ಗೇಟಿನ ಬುಡ ಬೇಡ. ಮೀನು ಜಾಸ್ತಿ ಇರುತ್ತವೆ, ಖರೆ. ಆದರೆ ನಮ್ಮಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದ ಉಜನಿ ಡ್ಯಾಂನಿಂದ ನೀರು ಬಿಟ್ಟರೆ ಭೀಮಾ ಏರುತ್ತದೆ, ನಾರಾಯಣಪುರ ಡ್ಯಾಂನಿಂದ ಬಿಟ್ಟರೆ ಯಾದಗಿರಿ ಕಡೆ ಕೃಷ್ಣಾ ಏರುತ್ತದೆ. ಕತ್ತಲಲ್ಲಿ ತಿಳಿಯುವುದೇ ಇಲ್ಲ. ಮೊಸಳೆಯೂ ಇದೆ, ಕೃಷ್ಣಾದಲ್ಲಂತೂ ಖಂಡಿತ, ಭೀಮಾದಲ್ಲೂ ಕಾಣಿಸುತ್ತವೆ. ನೀರಿಗೆ ಕಾಲಿಡದೆ ಎತ್ತರದ ದಂಡೆ ಮೇಲೆ, ಜೊತೆಗೊಬ್ಬರನ್ನು ಇಟ್ಟುಕೊಂಡು ಕೂಡಿ, ಕೈಯಲ್ಲಿ ಬ್ಯಾಟರಿ ಇರಲಿ.

ಬೀದರ್ ಕಡೆ ಕಾರಂಜಾ ಡ್ಯಾಂಗೆ ಹೋಗಬಹುದಾ ಅಂತಲೂ ಕೇಳಿದ್ದೀರಿ. ಡ್ಯಾಂ, ಕೆರೆಗಳ ಮೀನು ಹಕ್ಕನ್ನು ಸಾಮಾನ್ಯವಾಗಿ ಟೆಂಡರ್ ತಗೊಂಡವರಿಗೆ ಇಲ್ಲವೇ ಮೀನುಗಾರರ ಸಂಘಕ್ಕೆ ಕೊಟ್ಟಿರುತ್ತಾರೆ. ದಂಡೆಯಲ್ಲಿ ಬಲೆ ಬಿಡಿಸುತ್ತಾ ಕೂತವರನ್ನು ಕಂಡರೆ ಮೊದಲು ಅವರ ಹತ್ತಿರ ಹೋಗಿ, "ಅಣ್ಣಾ, ಒಂದು ಗಾಳ ಹಾಕ್ಲಾ?" ಅಂತ ಕೇಳಿ. ಒಪ್ಪಿದರೆ ಮೀನು ಎಲ್ಲಿ ನಿಂತಿದೆ ಅಂತ ಅವರೇ ತೋರಿಸುತ್ತಾರೆ. ಬೇಡ ಅಂದರೆ ಮೀನುಗಾರಿಕೆ ಇಲಾಖೆಯ ತಾಲೂಕು ಆಫೀಸಿನಲ್ಲಿ ವಿಚಾರಿಸಿ, ಹೊಳೆಗೆ ಲೈಸೆನ್ಸ್ ಬೇಕಾ ಅನ್ನುವುದನ್ನೂ ಅಲ್ಲೇ ಕೇಳಿಕೊಳ್ಳಿ.